ಒಡೆಯಬೇಕೆ, ಕಾಯಬೇಕೆ?

ಮಹಾಭಾರತದ ಆದಿಪರ್ವದಲ್ಲಿ ಬರುವ ವಿನತೆಯ ಕಥೆಯನ್ನು ಅರಿಯದವರು ವಿರಳ. ಕಶ್ಯಪ ಮಹರ್ಷಿಯ ವರದಿಂದ ಕದ್ರು ಸಾವಿರ ಮೊಟ್ಟೆಗಳನ್ನೂ ಅವಳ ಸವತಿಯಾದ ವಿನತೆ ಎರಡು ಮೊಟ್ಟೆಗಳನ್ನೂ ಪಡೆದರು. ಪರಿಚಾರಿಕೆಯರು ಅವನ್ನು ಬೆಚ್ಚನೆಯ ಭಾಂಡಗಳಲ್ಲಿ, ಹಬೆಯ ನಡುವೆ ಇಟ್ಟು ಕಾಪಾಡಿದರು. ಐನೂರು ವರ್ಷಗಳು ಕಳೆದ ಮೇಲೆ ಕದ್ರುವಿನ ಮೊಟ್ಟೆಗಳೊಡೆದು ಸಾವಿರ ನಾಗರು ಹೊರಬಂದರು. ವಿನತೆಯ ಎರಡು ಮೊಟ್ಟೆಗಳು ಮಾತ್ರ ಇಟ್ಟಂತೆಯೇ ಇದ್ದುವು. ಸವತಿಯ ಮಕ್ಕಳು ಕಣ್ಣೆದುರಿಗೆ ಹರಿದಾಡುತ್ತಿರಲು ತನ್ನ ಮಡಿಲು ಬರಿದಾಗಿಯೇ ಉಳಿಯಿತೆಂಬ ನಾಚಿಕೆಯನ್ನು ಸಹಿಸಲಾರದೆ ಅವಳು ಒಂದು ಮೊಟ್ಟೆಯನ್ನು ಒಡೆದಳು. ಒಳಗಿದ್ದ ಅರುಣನಿಗೆ ಮೇಲಿನ ಅರ್ಧ ದೇಹ ಬೆಳೆದಿತ್ತು. ಕೆಳಗಿನ ಅರ್ಧ ಬೆಳೆದಿರಲಿಲ್ಲ. ಮಗ ತಾಯಿಯನ್ನು ಶಪಿಸಿದ. ಇನ್ನೊಂದು ಮೊಟ್ಟೆಯನ್ನಾದರೂ ಮುಟ್ಟದೆ ಮತ್ತೆ ಐನೂರು ವರ್ಷ ಕಾದರೆ ಅದರಲ್ಲಿ ಹುಟ್ಟುವವನೇ ಅವಳನ್ನು ದಾಸ್ಯದಿಂದ ಬಿಡಿಸುವನೆಂದು ಹೇಳಿ ಆಕಾಶಕ್ಕೇರಿದ.

ಪುರಾಣದ ಕಥೆಗಳಲ್ಲಿ ಜೀವಶಾಸ್ತ್ರವನ್ನು ಹುಡುಕುವುದು ಅಷ್ಟೇನೂ ಒಳ್ಳೆಯ ಅಭ್ಯಾಸವಲ್ಲ. ಆದರೂ ಈ ಕಥೆಯನ್ನು ಕಟ್ಟಿದವರು ಕೋಳಿಯದೋ ಬಾತಿನದೋ ಮೊಟ್ಟೆಯೊಂದನ್ನು ಅವಧಿಗೆ ಮುಂಚೆ ಒಡೆದು ನೋಡಿದ್ದವರೇ ಇರಬೇಕೆಂದು ತೋರುತ್ತದೆ. ಅವಸರದಲ್ಲಿ ಚಿಪ್ಪು ಸುಲಿಸಿಕೊಂಡು ಹೊರಬಂದ ಬಾತುಮರಿಯಲ್ಲಿ ಕಣ್ಣು, ಕೊಕ್ಕು, ರೆಕ್ಕೆ ಎಲ್ಲವೂ ಕ್ರಮವಾಗಿರುತ್ತವೆ; ಅಪೂರ್ಣವಾಗಿ ಉಳಿಯುವುದು ಹೊಟ್ಟೆಯ ಭಾಗವೇ.

ವಿನತೆಯ ಸಂಕಟ ಈಚಿನ ವರ್ಷಗಳಲ್ಲಿ ಪಟ್ಟಣದ ಮನೆಗಳಿಗೂ ಕಾಲಿಟ್ಟಿದೆ. ಹತ್ತು ಹನ್ನೆರಡು ಮೊಟ್ಟೆ ಹಿಡಿಯುವ, ಇನ್‌ಕ್ಯುಬೇಟರ್ ಎಂಬ ಪುಟ್ಟ ಕಾವುಪೆಟ್ಟಿಗೆಗಳು ಈಗ ಸುಲಭವಾಗಿ ದೊರೆಯುತ್ತವೆ. ಊರ ಹೊರಗೆ ತುಸು ಹಿತ್ತಿಲು ಉಳ್ಳವರು, ಮಕ್ಕಳಿಗೆ ಒಂದು ವಿನೋದವೂ ಆಗಲಿ, ಪಾಠವೂ ಆಗಲಿ ಎಂದು ಬಾತಿನ ಮೊಟ್ಟೆಗಳನ್ನು ತಂದಿಡುತ್ತಾರೆ. ಬಾತುಗಳಿಗೆ ಯಂತ್ರವೇ ಬೇಕಾಗುವುದಕ್ಕೆ ಕಾರಣವಿಲ್ಲದಿಲ್ಲ. ಮನುಷ್ಯ ಹೆಚ್ಚು ಮೊಟ್ಟೆಗಳ ಆಸೆಯಿಂದ ಬೆಳೆಸಿದ ತಳಿಗಳು ಕಾವು ಕೂರುವುದನ್ನೇ ಬಹುಮಟ್ಟಿಗೆ ಮರೆತಿವೆ. ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿ ಅಡೀಲ್ ಕ್ಯಾಂಪ್‌ಬೆಲ್ ಎಂಬ ಗೃಹಿಣಿ 1898ರಲ್ಲಿ ಬೆಳಕಿಗೆ ತಂದ ಕ್ಯಾಂಪ್‌ಬೆಲ್ ಬಾತು ಅಂಥದು. ಅದರ ಖಾಕಿ ಬಣ್ಣದ ಸಂತತಿಯೇ ಬೆಂಗಳೂರಿನ ಬಳಿಯ ಹೆಸರಘಟ್ಟದ ಸರ್ಕಾರಿ ಕೇಂದ್ರದಲ್ಲಿಯೂ ಬೆಳೆದದ್ದು. ಕೇರಳದ ಕುಟ್ಟನಾಡಿನ ಕಡೆ ಹಿಂದಿನಿಂದಲೂ ಬಾತಿನ ಮೊಟ್ಟೆಗಳನ್ನು ಕಾವಿಗೆ ಕೂತ ಕೋಳಿಯ ಕೆಳಗಿಡುವ ರೂಢಿಯುಂಟು. ಕೋಳಿಯ ಮೊಟ್ಟೆಗೆ 21 ದಿನ ಸಾಕು. ಬಾತಿನದಕ್ಕೆ 28 ದಿನ ಬೇಕು. ಪಾಪ, ಆ ಕೋಳಿ ಹೆಚ್ಚಿನ ಒಂದು ವಾರವನ್ನು ಲೆಕ್ಕಿಸದೆ ಕೂತಿದ್ದು, ಕೊನೆಗೆ ತನ್ನ ಮಕ್ಕಳು ನೀರಿಗಿಳಿಯುವುದನ್ನು ಕಂಡು ದಡದ ಮೇಲೆ ಬಾಯಿ ಬಡಿದುಕೊಳ್ಳುತ್ತದೆ.

ಯಂತ್ರಕ್ಕೆ ಇಂತಹ ಚಿಂತೆಯಿಲ್ಲ. ಅದರ ಚಿಂತೆಯನ್ನೆಲ್ಲ ಮನೆಯವರು ಹೊರಬೇಕು. 37.5 ಡಿಗ್ರಿ ಸೆಲ್ಸಿಯಸ್ ಕಾವು, ದಿನಕ್ಕೆ ಹಲವು ಸಲ ಮೊಟ್ಟೆಗಳನ್ನು ಹೊರಳಿಸುವುದು, ಕೊನೆಯ ಮೂರು ದಿನ ಹೊರಳಿಸುವುದನ್ನು ನಿಲ್ಲಿಸಿ ಪೆಟ್ಟಿಗೆಯೊಳಗಿನ ತೇವವನ್ನು ಹೆಚ್ಚಿಸುವುದು, ಇಷ್ಟನ್ನು ಮಾಡಿಕೊಂಡು 26ನೆಯದೋ 27ನೆಯದೋ ದಿನವನ್ನು ತಲಪುವ ಹೊತ್ತಿಗೆ ಮೊಟ್ಟೆಯೊಳಗಿನಿಂದ 'ಪೀ ಪೀ' ಎಂಬ ಸ್ವರ ಕೇಳಿಸುತ್ತದೆ. ಮನೆಯಲ್ಲಿ ಹಬ್ಬ! ಚಿಪ್ಪಿನ ಮೇಲೆ ಒಂದು ಕಡೆ ನಕ್ಷತ್ರದಂತೆ ಸಣ್ಣ ಬಿರುಕು ಮೂಡುತ್ತದೆ. ಮಕ್ಕಳು ಊಟ ಬಿಟ್ಟು ಪೆಟ್ಟಿಗೆಯ ಗಾಜಿಗೆ ಮುಖವಿಡುತ್ತಾರೆ. ಸಂಜೆಯಾಗುತ್ತದೆ, ರಾತ್ರಿಯಾಗುತ್ತದೆ, ಬಿರುಕು ಇದ್ದಷ್ಟೇ ಇದೆ. ಬೆಳಗ್ಗೆ ಎದ್ದು ನೋಡಿದರೆ ಪಕ್ಕದ ನಾಲ್ಕು ಮೊಟ್ಟೆಗಳು ಒಡೆದು, ನೆನೆದ ಹತ್ತಿಯಂತಹ ನಾಲ್ಕು ಮರಿಗಳು ಒಂದರ ಮೇಲೊಂದು ಉರುಳುತ್ತಿವೆ. ಮೊದಲು ಬಿರುಕು ಬಿಟ್ಟ ಮೊಟ್ಟೆ ಮಾತ್ರ ಹಾಗೆಯೇ ಇದೆ. ಒಳಗಿನ ಸ್ವರ ಕ್ಷೀಣಿಸಿದಂತೆ ತೋರುತ್ತದೆ. ಮಗಳು ಅಳುವುದಕ್ಕೆ ಆರಂಭಿಸುತ್ತಾಳೆ. "ಅಪ್ಪಾ, ಅದು ಸತ್ತುಹೋಗುತ್ತೆ, ಸ್ವಲ್ಪ ಒಡೆದುಬಿಡಪ್ಪ!" ಅಜ್ಜಿ, "ಹುಟ್ಟಿಸಿದ ದೇವರು ಹೊರಕ್ಕೂ ತರ್ತಾನೆ, ಮುಟ್ಟಬೇಡಿ" ಎನ್ನುತ್ತಾರೆ. ತಂದೆ ಕೈಯಲ್ಲಿ ಚಿಮುಟ ಹಿಡಿದು ಇಬ್ಬರ ಮುಖವನ್ನೂ ನೋಡುತ್ತಾನೆ.

ಇಬ್ಬರ ಮಾತೂ ಸರಿಯಿರಬಹುದು. ಇಬ್ಬರ ಮಾತೂ ಮರಿಯನ್ನು ಕೊಲ್ಲಬಹುದು. ತೀರ್ಮಾನ ಮಾಡಬೇಕಾದರೆ ಆ ನಿಶ್ಶಬ್ದದ ಹೊತ್ತಿನಲ್ಲಿ ಚಿಪ್ಪಿನೊಳಗೆ ಏನು ನಡೆಯುತ್ತಿದೆಯೆಂಬುದನ್ನು ಮೊದಲು ಅರಿಯಬೇಕು.

ಮೊಟ್ಟೆಯ ಚಿಪ್ಪು ನೋಡುವುದಕ್ಕೆ ಸುಣ್ಣದ ಗೋಡೆಯಂತಿದ್ದರೂ ವಾಸ್ತವವಾಗಿ ಅದೊಂದು ಜಾಲರಿ. 60 ಗ್ರಾಂ ತೂಕದ ಕೋಳಿಮೊಟ್ಟೆಯಲ್ಲಿ ಸುಮಾರು 10,000 ಸೂಕ್ಷ್ಮರಂಧ್ರಗಳಿವೆ. ಅಮೆರಿಕದ ಬಫಲೋ ನಗರದಲ್ಲಿ ಸಂಶೋಧನೆ ನಡೆಸಿದ ಹರ್ಮನ್ ರಾನ್ ಮತ್ತು ಅವರ ಸಂಗಡಿಗರು 1979ರಲ್ಲಿ ಕೊಟ್ಟ ಲೆಕ್ಕದಂತೆ ಅಂತಹ ಮೊಟ್ಟೆ ತನ್ನ 21 ದಿನಗಳಲ್ಲಿ ಸುಮಾರು 6 ಲೀಟರ್ ಆಮ್ಲಜನಕವನ್ನು ಒಳಗೆಳೆದುಕೊಂಡು, 4.5 ಲೀಟರ್ ಇಂಗಾಲದ ಡೈ ಆಕ್ಸೈಡನ್ನೂ 11 ಲೀಟರ್ ನೀರಾವಿಯನ್ನೂ ಹೊರಬಿಡುತ್ತದೆ. ಬಾತಿನ ಮೊಟ್ಟೆಯ ಕ್ರಮವೂ ಇದೇ. ಮೂಗಿಲ್ಲ, ಎದೆ ಏರಿಳಿಯುವುದಿಲ್ಲ. ಆದರೂ ಮೊಟ್ಟೆ ಉಸಿರಾಡುತ್ತದೆ. ಚಿಪ್ಪಿನ ಒಳಮೈಗೆ ಅಂಟಿಕೊಂಡು ಹರಡಿರುವ ರಕ್ತನಾಳಗಳ ಪೊರೆಯೊಂದು ಮರಿಗೆ ಶ್ವಾಸಕೋಶವಾಗಿ ಕೆಲಸ ಮಾಡುತ್ತದೆ. ಟಾರ್ಚಿನ ಬೆಳಕಿಗೆ ಹಿಡಿದಾಗ ಕಾಣುವ ಕೆಂಪು ಬಲೆ ಅದೇ.

ಹೊರಹೋದ ನೀರಿನ ಜಾಗದಲ್ಲಿ ಗಾಳಿ ಸೇರುತ್ತದೆ. ಮೊಟ್ಟೆಯ ದಪ್ಪ ತುದಿಯಲ್ಲಿ ಹೀಗೆ ದಿನದಿನಕ್ಕೂ ಹಿಗ್ಗುವ ಒಂದು ಪುಟ್ಟ ಗಾಳಿಕೋಣೆಯುಂಟು. ಬೇಯಿಸಿದ ಮೊಟ್ಟೆಯನ್ನು ಸುಲಿದವರೆಲ್ಲರೂ ಆ ತಗ್ಗನ್ನು ಕಂಡಿರುತ್ತಾರೆ. ಅದು ಏತಕ್ಕೆ ಎಂದು ಕೇಳಿದವರು ಕಡಮೆ. ಮರಿ ಬೆಳೆದು ಚಿಪ್ಪನ್ನೆಲ್ಲ ತುಂಬಿದಾಗ ರಂಧ್ರಗಳ ಮೂಲಕ ಬರುವ ಆಮ್ಲಜನಕ ಅದಕ್ಕೆ ಸಾಲದಾಗುತ್ತದೆ, ಇಂಗಾಲದ ಡೈ ಆಕ್ಸೈಡು ಏರುತ್ತದೆ. ಆ ಉಸಿರುಗಟ್ಟುವಿಕೆಯೇ ಹೊರಡುವ ಗಂಟೆ. ಮರಿ ಬಲರೆಕ್ಕೆಯ ಕೆಳಗೆ ತಲೆ ತೂರಿಸಿಕೊಂಡು, ಕೊಕ್ಕನ್ನು ಗಾಳಿಕೋಣೆಯ ಕಡೆಗೆ ತಿರುಗಿಸಿ ಒಳಪೊರೆಯನ್ನು ಹರಿಯುತ್ತದೆ. ಅದರ ಬಾಳಿನ ಮೊದಲ ಉಸಿರು ಹೊರಗಿನ ಗಾಳಿಯದಲ್ಲ, ಆ ಕೋಣೆಯಲ್ಲಿ ಕೂಡಿಟ್ಟ ಹಿಡಿಗಾಳಿಯದು.

ಅಲ್ಲಿಂದ ಚಿಪ್ಪನ್ನು ಒಡೆಯುವುದಕ್ಕೆ ಇನ್ನೂ ಅರ್ಧ ದಿನವೋ ಒಂದು ದಿನವೋ ಹಿಡಿಯುತ್ತದೆ. ಒಡೆಯಲು ಆಯುಧವೂ ಸಿದ್ಧವಾಗಿರುತ್ತದೆ. ಮೇಲ್ಗೊಕ್ಕಿನ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿಯ ಗಟ್ಟಿ ಮೊನೆ. ಇದಕ್ಕೆ ಮೊಟ್ಟೆಹಲ್ಲು ಎನ್ನುತ್ತಾರೆ. ಕತ್ತಿನ ಹಿಂಬದಿಯ ಸ್ನಾಯುವೊಂದು ಆ ದಿನಗಳಲ್ಲಿ ಮಾತ್ರ ಊದಿಕೊಂಡು ಬಲಿತಿರುತ್ತದೆ. ಮರಿ ಹೊರಬಂದ ಮೇಲೆ ಇಳಿದುಹೋಗುತ್ತದೆ. ಕತ್ತನ್ನು ಹಿಂದಕ್ಕೆ ಚಿಮ್ಮಿಸಿ ಹಲ್ಲಿನಿಂದ ಕುಟ್ಟಿದಾಗ ಆ ನಕ್ಷತ್ರದ ಬಿರುಕು ಮೂಡುತ್ತದೆ.

ಇನ್ನು ಬರುವುದೇ ಎಲ್ಲರನ್ನೂ ಕಂಗೆಡಿಸುವ ವಿರಾಮ. ಕೋಳಿಮರಿಯಾದರೆ ಬಿರುಕಿನಿಂದ ಬಿಡುಗಡೆಯವರೆಗೆ ಸಾಮಾನ್ಯವಾಗಿ ಅರ್ಧ ದಿನದಿಂದ ಒಂದು ದಿನ ತೆಗೆದುಕೊಳ್ಳುತ್ತದೆ. ಬಾತುಮರಿ ಒಂದು ದಿನದಿಂದ ಎರಡು ದಿನಗಳವರೆಗೂ ಹಾಗೆಯೇ ಇರಬಹುದು. ಕೋಳಿ ಸಾಕಿದವರು ಮೊದಲ ಸಲ ಬಾತಿಗೆ ಕೈಹಾಕಿದಾಗ ಅನೇಕ ಮರಿಗಳು ಸಾಯುವುದು ಈ ವ್ಯತ್ಯಾಸವನ್ನು ತಿಳಿಯದೆಯೇ. ಹೊರಗಿನಿಂದ ನೋಡುವವರಿಗೆ ಮರಿ ಸೋತು ಮಲಗಿದಂತೆ ತೋರುತ್ತದೆ. ಒಳಗೆ ಎರಡು ದೊಡ್ಡ ವ್ಯವಹಾರಗಳು ನಡೆಯುತ್ತಿವೆ. ಮೊದಲನೆಯದು ಉಸಿರಿನ ವರ್ಗಾವಣೆ. ಇಷ್ಟು ದಿನ ಪೊರೆಯಲ್ಲಿ ಸುತ್ತುತ್ತಿದ್ದ ರಕ್ತ ಈಗ ಶ್ವಾಸಕೋಶದ ಕಡೆಗೆ ತಿರುಗಬೇಕು. ಪೊರೆಯ ನಾಳಗಳು ಬರಿದಾಗಿ ಒಣಗಬೇಕು. ಎರಡನೆಯದು ಬುತ್ತಿಯ ಸಾಗಣೆ. ಮೊಟ್ಟೆಯ ಹಳದಿ ಭಾಗದಲ್ಲಿ ಉಳಿದದ್ದು ಚೀಲದ ಸಮೇತ ಹೊಕ್ಕುಳಿನ ಮೂಲಕ ಹೊಟ್ಟೆಯೊಳಕ್ಕೆ ಸೇರಬೇಕು, ಅದರ ಹಿಂದೆ ಹೊಕ್ಕುಳು ಮುಚ್ಚಿಕೊಳ್ಳಬೇಕು. ಹುಟ್ಟಿದ ಮರಿ ಎರಡು ಮೂರು ದಿನ ಏನನ್ನೂ ತಿನ್ನದೆ ಬದುಕಬಲ್ಲುದೆಂದರೆ ಅದು ಈ ಬುತ್ತಿಯ ಬಲದಿಂದಲೇ; ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ದೂರದೂರಿಗೆ ಕಳಿಸುವ ವ್ಯಾಪಾರ ಸಾಧ್ಯವಾದದ್ದೂ ಇದರಿಂದಲೇ.

ಈ ಎರಡೂ ಕೆಲಸಗಳು ಮುಗಿಯದಿರುವಾಗ ಚಿಮುಟ ಆಡಿಸಿದರೆ ಆಗುವುದೇನು? ಪೊರೆ ಹರಿದೊಡನೆ ರಕ್ತ ಜಿನುಗುತ್ತದೆ. ಮರಿಯ ಮೈಯಲ್ಲಿರುವ ಒಟ್ಟು ರಕ್ತವೇ ಅತ್ಯಲ್ಪ. ಕೆಲವು ಹನಿ ಹೋದರೂ ಅದಕ್ಕೆ ದೊಡ್ಡ ನಷ್ಟ. ರಕ್ತ ನಿಂತು ಬದುಕಿಕೊಂಡರೂ ಹಳದಿಯ ಚೀಲ ಹೊಕ್ಕುಳಿನಿಂದ ಹೊರಗೆ ಜೋತುಬಿದ್ದಿರುತ್ತದೆ. ಅದು ಒಡೆದರೆ, ಕೊಳೆ ಸೋಕಿದರೆ, ಮರಿ ಉಳಿಯುವುದು ಕಷ್ಟ. ಅರುಣನ ಕೆಳಗಿನ ಅರ್ಧ ಬೆಳೆದಿರಲಿಲ್ಲವೆಂಬ ಮಾತನ್ನು ಇಲ್ಲಿ ನೆನೆಯಬಹುದು.

ಎರಡೂ ಕೆಲಸ ಮುಗಿದಾಗ ಮರಿಗೆ ತಾನಾಗಿಯೇ ಚಾಲನೆ ಬರುತ್ತದೆ. ಕಾಲಿನಿಂದ ಒದೆಯುತ್ತ, ಮೈಯನ್ನು ಇಷ್ಟಿಷ್ಟೇ ಸುತ್ತಿಸುತ್ತ, ಡಬ್ಬಿಯ ಮುಚ್ಚಳವನ್ನು ಸುತ್ತಲೂ ಕತ್ತರಿಸಿದಂತೆ ದಪ್ಪ ತುದಿಯ ಚಿಪ್ಪನ್ನು ಕುಟ್ಟಿಕೊಂಡು ಬಂದು, ಕೊನೆಗೆ ಭುಜ ಕೊಟ್ಟು ತಳ್ಳುತ್ತದೆ. ಒಂದೂವರೆ ದಿನ ಅಲುಗದಿದ್ದ ಮೊಟ್ಟೆ ಕೆಲವು ಬಾರಿ ಒಂದೇ ಗಂಟೆಯೊಳಗೆ ಎರಡಾಗಿಬಿಡುತ್ತದೆ. ಅಷ್ಟರವರೆಗೆ ಕೂತಿದ್ದು ಕಾಫಿಗೆಂದು ಒಳಗೆ ಹೋದವರು ಅದನ್ನು ಕಾಣದೆ ಹೋಗುವುದೂ ಉಂಟು.

ತಡವಾಗುವ ಮೊಟ್ಟೆಗೆ ನೆರೆಹೊರೆಯೂ ಮುಖ್ಯ. 1960ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಮಾರ್ಗರೆಟ್ ವಿನ್ಸ್ ಎಂಬ ವಿದುಷಿ ಲಾವುಗೆಯ ಮೊಟ್ಟೆಗಳನ್ನು ಕುರಿತು ನಡೆಸಿದ ಪ್ರಯೋಗಗಳಲ್ಲಿ, ಒಂದನ್ನೊಂದು ತಾಗಿಕೊಂಡಿದ್ದ ಮೊಟ್ಟೆಗಳು ಬಹುಮಟ್ಟಿಗೆ ಒಟ್ಟಿಗೇ ಒಡೆದುವು. ಬೇರೆ ಬೇರೆಯಾಗಿಟ್ಟವು ಮನಬಂದಂತೆ ಒಡೆದುವು. ಒಳಗಿನ ಮರಿಗಳು ಉಸಿರಾಡುವಾಗ ಹೊರಡುವ 'ಟಿಕ್ ಟಿಕ್' ಸದ್ದು ಪಕ್ಕದ ಮೊಟ್ಟೆಯಲ್ಲಿರುವ ಹಿಂದುಳಿದ ಮರಿಯನ್ನು ಅವಸರಪಡಿಸುತ್ತದೆಂದು ಆಕೆ ತೋರಿಸಿದರು. ಬಾತುಗಳ ಧ್ವನಿಯನ್ನು ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಗಿಲ್ಬರ್ಟ್ ಗಾಟ್‌ಲೀಬ್ ಅನೇಕ ವರ್ಷ ಅಭ್ಯಾಸ ಮಾಡಿದರು. ಮೊಟ್ಟೆಯೊಳಗಿರುವಾಗ ತನ್ನ ಸ್ವರವನ್ನಾಗಲಿ ಒಡಹುಟ್ಟಿದವರ ಸ್ವರವನ್ನಾಗಲಿ ಕೇಳದೆ ಬೆಳೆದ ಬಾತುಮರಿ, ಹೊರಬಂದ ಮೇಲೆ ತನ್ನ ಜಾತಿಯ ತಾಯಿಯ ಕರೆಯನ್ನು ಬೇರೆ ಹಕ್ಕಿಯ ಕರೆಯಿಂದ ಸರಿಯಾಗಿ ಬೇರ್ಪಡಿಸಲಾರದೆಂಬುದು ಅವರ ಶೋಧನೆ. ಆದಕಾರಣ ಚಿಪ್ಪಿನೊಳಗಿನ ಆ ದೀರ್ಘ ಕಾಲವನ್ನು ಮರಿಯ ಸೋಮಾರಿತನವೆಂದು ತಿಳಿಯಲಾಗದು. ಅದು ಕೇಳಿ ಕಲಿಯುವ ಕಾಲವೂ ಹೌದು. ತಡವಾದ ಮೊಟ್ಟೆಯನ್ನು ಎತ್ತಿ ಬೇರೊಂದು ಡಬ್ಬಿಯಲ್ಲಿ ಒಂಟಿಯಾಗಿಡುವುದು ಒಳ್ಳೆಯದಲ್ಲ. ಮುಂಚೆ ಬಂದವರ ಗದ್ದಲ ಅದಕ್ಕೆ ಬೇಕು. ಪಕ್ಕದ ಮನೆಯ ಮಗುವಿನ ಅಂಕಪಟ್ಟಿಯನ್ನು ತೋರಿಸಿ ತಮ್ಮ ಮಗುವನ್ನು ಹೀಗಳೆಯುವ ತಾಯ್ತಂದೆಯರು ಇದರಲ್ಲಿ ತಮಗೆ ಸಮರ್ಥನೆ ಹುಡುಕಬಾರದು. ಲಾವುಗೆಯ ಮರಿಗಳು ಒಂದನ್ನೊಂದು ಹೀಗಳೆಯುವುದಿಲ್ಲ.

ಇಷ್ಟನ್ನು ಓದಿದವರು ಅಜ್ಜಿಯ ಪಕ್ಷವೇ ಗೆದ್ದಿತೆಂದುಕೊಳ್ಳಬಹುದು. ಕಾಯುವುದನ್ನು ಹೊಗಳುವ ಕಥೆಗಳಿಗೆ ಲೋಕದಲ್ಲಿ ಬರವಿಲ್ಲ. ಗ್ರೀಕ್ ಲೇಖಕ ಕಜಾನ್‌ಜಾಕಿಸ್ 1946ರಲ್ಲಿ ಪ್ರಕಟಿಸಿದ ಜೋರ್ಬಾನ ಕಾದಂಬರಿಯಲ್ಲಿ, ಚಿಟ್ಟೆಯ ಗೂಡಿಗೆ ಬಾಯಿಯ ಬಿಸಿಯುಸಿರನ್ನೂದಿ ಅವಧಿಗೆ ಮುಂಚೆ ಹೊರಗೆ ಬರಿಸಿ, ಅದು ಅಂಗೈಯಲ್ಲೇ ಸತ್ತುದನ್ನು ನೆನೆಯುವ ಪ್ರಸಂಗವಿದೆ. ಅದೇ ಮಾದರಿಯ ಕಥೆಗಳನ್ನು ಶಾಲೆಯ ಸಮಾರಂಭಗಳಲ್ಲಿ ಭಾಷಣಕಾರರು ಹೇಳುತ್ತಲೇ ಇರುತ್ತಾರೆ. ಕೇಳುವುದಕ್ಕೆ ಸೊಗಸಾಗಿವೆ. ಆದರೆ ಕಾವುಪೆಟ್ಟಿಗೆಯ ಮುಂದೆ ಕೂತವನಿಗೆ ಅವು ಅರ್ಧ ಸತ್ಯವನ್ನು ಮಾತ್ರ ಹೇಳುತ್ತವೆ. ಚಿಟ್ಟೆ ತಾನಾಗಿ ಒಂದು ಕೊಂಬೆಯನ್ನು ಆರಿಸಿಕೊಂಡು ಗೂಡು ಕಟ್ಟಿತ್ತು. ಈ ಬಾತುಮರಿಯನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿಟ್ಟವರು ಮನುಷ್ಯರು. ಅದು ಸಿಕ್ಕಿಬಿದ್ದಿದ್ದರೆ ಅನೇಕ ವೇಳೆ ಸಿಕ್ಕಿಸಿದವರೂ ಅವರೇ.

ಕುತೂಹಲವೇ ಇಲ್ಲಿ ಮೊದಲ ಅಪರಾಧಿ. ಒಂದು ಮರಿ ಬಂದೊಡನೆ ಅದನ್ನು ಎತ್ತಿಕೊಳ್ಳಲು, ಇನ್ನೊಂದನ್ನು ನೋಡಲು, ನೆಂಟರಿಗೆ ತೋರಿಸಲು ಪೆಟ್ಟಿಗೆಯ ಮುಚ್ಚಳವನ್ನು ಮತ್ತೆ ಮತ್ತೆ ತೆರೆಯುತ್ತಾರೆ. ಪ್ರತಿ ಸಲವೂ ಒಳಗಿನ ತೇವ ಒಮ್ಮೆಗೇ ಹೊರಹೋಗುತ್ತದೆ. ಬಿರುಕು ಬಿಟ್ಟ ಮೊಟ್ಟೆಯೊಳಗಿನ ಪೊರೆ ಒಣಗಿ, ಹಪ್ಪಳದ ಹಾಳೆಯಂತೆ ಗಟ್ಟಿಯಾಗಿ, ಮರಿಯ ಮೈಗೆ ಬಿಗಿದುಕೊಳ್ಳುತ್ತದೆ. ಒಳಗೆ ಕೆಲಸವೆಲ್ಲ ಮುಗಿದು ಹೊರಡಲು ಸಿದ್ಧವಾಗಿರುವ ಬಲವಾದ ಮರಿಯೂ ಆಗ ತಲೆಯನ್ನು ಒಂದಿಷ್ಟೂ ತಿರುಗಿಸಲಾರದು. ಸಾಕಿದ ಬಾತು ತಾನೇ ಕಾವಿಗೆ ಕೂತಾಗ ನೀರಿಗೆ ಹೋಗಿ ನೆನೆದ ಗರಿಗಳೊಡನೆ ಬಂದು ಕೂರುತ್ತದೆ. ಕೋಳಿಯ ಕೆಳಗೆ ಬಾತಿನ ಮೊಟ್ಟೆಯಿಡುವ ಹೆಂಗಸರು ಕಡೆಯ ದಿನಗಳಲ್ಲಿ ಅವುಗಳ ಮೇಲೆ ನೀರು ಚಿಮುಕಿಸುತ್ತಾರೆ. ಕಾವುಪೆಟ್ಟಿಗೆಯಲ್ಲಿ ಆ ಕೆಲಸ ಮರೆತುಹೋದರೆ, ಇಲ್ಲವೆ ಕರೆಂಟು ಹೋಗಿ ಮುಚ್ಚಳ ತೆರೆದಿಟ್ಟರೆ, ಸೋಲು ಮರಿಯದಲ್ಲ.

ಎರಡನೆಯದು ಮರಿಯ ಮಲಗಿದ ಭಂಗಿ. ಕೆಲವು ಮರಿಗಳು ತಲೆಕೆಳಗಾಗಿ ತಿರುಗಿ, ಗಾಳಿಕೋಣೆಯಿಲ್ಲದ ಸಣ್ಣ ತುದಿಯಲ್ಲಿ ಚಿಪ್ಪನ್ನು ಕುಟ್ಟುತ್ತವೆ. ಅವುಗಳಲ್ಲಿ ಕೆಲವು ತಾವಾಗಿಯೇ ಪಾರಾಗುತ್ತವೆ, ಹಲವು ಪಾರಾಗುವುದಿಲ್ಲ. ಇನ್ನು ಕೆಲವು ಗಾಳಿಕೋಣೆಯನ್ನು ಸೇರಿಯೂ ಚಿಪ್ಪನ್ನು ಒಡೆಯಲಾರದೆ ಆ ಹಿಡಿಗಾಳಿ ಮುಗಿದು ಸಾಯುತ್ತವೆ. ಇವುಗಳ ಮುಂದೆ ಕೈಕಟ್ಟಿ ಕೂತು ದೇವರ ಮೇಲೆ ಭಾರ ಹಾಕುವುದಕ್ಕೆ ತಾಳ್ಮೆಯೆಂದು ಹೆಸರು ಕೊಡಲಾಗದು.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಗಡಿಯಾರವೊಂದನ್ನೇ ನಂಬಬಾರದು, ಆದರೆ ಅದನ್ನು ಬಿಟ್ಟೂ ಆಗದು. ಮೊದಲ ಬಿರುಕು ಕಂಡ ಹೊತ್ತನ್ನು ಪೆನ್ಸಿಲಿನಿಂದ ಚಿಪ್ಪಿನ ಮೇಲೆಯೇ ಗುರುತು ಹಾಕಿಡುವುದು ಅನುಭವಸ್ಥರ ಕ್ರಮ. ಕಂಗೆಟ್ಟ ಮನಸ್ಸಿಗೆ ಆರು ಗಂಟೆ ಒಂದು ದಿನದಂತೆ ಕಾಣುತ್ತದೆ. ಪೆನ್ಸಿಲಿನ ಗುರುತಿಗೆ ಆ ದೌರ್ಬಲ್ಯವಿಲ್ಲ. ಬಿರುಕು ದಪ್ಪ ತುದಿಯಲ್ಲಿದ್ದು, ಒಳಗಿನಿಂದ ಸ್ವರ ಕೇಳುತ್ತಿದ್ದು, ಕೊಕ್ಕಿನ ಸುತ್ತಣ ಪೊರೆ ಬೆಳ್ಳಗೆ ಮೆತ್ತಗೆ ಇದ್ದರೆ ಮೊದಲ 24 ಗಂಟೆ ಯಾವ ಯೋಚನೆಯೂ ಬೇಡ. ರಂಧ್ರದಲ್ಲಿ ಕಾಣುವ ಕೊಕ್ಕು ಆಕಳಿಸಿದಂತೆ, ಏನನ್ನೋ ಅಗಿಯುವಂತೆ ಆಡುತ್ತಿದ್ದರೆ ಹಳದಿ ಇನ್ನೂ ಒಳಸೇರುತ್ತಿದೆಯೆಂದು ಬಾತು ಸಾಕುವವರು ಅರ್ಥಮಾಡುತ್ತಾರೆ, ಆಗಲೂ ಮುಟ್ಟುವಂತಿಲ್ಲ. 36 ಗಂಟೆಗಳಾಗುತ್ತ ಬಂದರೂ ಬಿರುಕು ಎಳ್ಳಷ್ಟೂ ಮುಂದುವರಿಯದಿದ್ದು, ಪೊರೆ ಕಂದುಬಣ್ಣಕ್ಕೆ ತಿರುಗಿ ಚರ್ಮದಂತಾಗಿದ್ದರೆ, ಇಲ್ಲವೆ ಮರಿ ಕುಟ್ಟುತ್ತಿದ್ದರೂ ಒಂದೇ ಸ್ಥಳದಲ್ಲಿ ಕುಟ್ಟುತ್ತಿದ್ದರೆ, ಸಂಶಯಪಡಬೇಕು. ಸಣ್ಣ ತುದಿಯ ಬಿರುಕಾದರೆ ಇನ್ನೂ ಮುಂಚೆಯೇ ಎಚ್ಚರವಾಗಿರಬೇಕು. ಸಂಶಯ ಬಂದಾಗಲೂ ಮಾಡಬೇಕಾದದ್ದು ಒಡೆಯುವುದಲ್ಲ, ನೋಡುವುದು.

ನೋಡುವ ಬಗೆ ಹೀಗೆ. ಕೋಣೆಯ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಕೈ ತೊಳೆದು ಮೊಟ್ಟೆಯನ್ನು ಬೆಚ್ಚನೆಯ ಒದ್ದೆ ಬಟ್ಟೆಯಲ್ಲಿ ಹಿಡಿಯಬೇಕು. ಟಾರ್ಚಿನ ಬೆಳಕಿನಲ್ಲಿ ಗಾಳಿಕೋಣೆಯ ಅಂಚು ಎಲ್ಲಿದೆಯೆಂದು ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳಬೇಕು. ಆ ಗೆರೆಯ ಮೇಲ್ಭಾಗದ ಚಿಪ್ಪಿನ ಕೆಳಗೆ ಇರುವುದು ಗಾಳಿ ಮಾತ್ರ. ಅಲ್ಲಿ ಚೂರು ಚೂರಾಗಿ ಚಿಪ್ಪನ್ನು ಬಿಡಿಸಿದರೆ ಅಪಾಯವಿಲ್ಲ. ಗೆರೆಯ ಕೆಳಕ್ಕೆ ಕೈ ಹೋಗಕೂಡದು. ಹೀಗೆ ಕಿಟಕಿಯೊಂದು ತೆರೆದ ಮೇಲೆ ಒಳಪೊರೆ ಬೆಳ್ಳಗೆ ಒಣಗಿ ಕಾಣುತ್ತದೆ. ಉಗುರುಬೆಚ್ಚಗಿನ ನೀರನ್ನೋ ಒಂದು ಹನಿ ಕೊಬ್ಬರಿ ಎಣ್ಣೆಯನ್ನೋ ಹತ್ತಿಯ ಕಡ್ಡಿಯಿಂದ ಸವರಿದೊಡನೆ ಅದು ಕನ್ನಡಿಯಂತೆ ಪಾರದರ್ಶಕವಾಗುತ್ತದೆ. ಮೂಗಿನ ಹೊಳ್ಳೆಗಳಿಗೆ ಮಾತ್ರ ಹನಿಯೂ ತಾಗಬಾರದು. ಆ ಪೊರೆಯಲ್ಲಿ ಕೆಂಪು ಎಳೆಗಳು ತುಂಬಿಕೊಂಡು ಕಂಡರೆ ತೀರ್ಪು ಹೊರಬಿದ್ದಂತೆ: ಮರಿ ಸಿದ್ಧವಾಗಿಲ್ಲ. ಮೊಟ್ಟೆಯನ್ನು ಪೆಟ್ಟಿಗೆಗೆ ಹಿಂತಿರುಗಿಸಿ, ತೇವ ಹೆಚ್ಚಿಸಿ, ಐದಾರು ಗಂಟೆಗಳಾದ ಮೇಲೆ ಮತ್ತೆ ನೋಡಬೇಕು. ಎಳೆಗಳು ಮಾಸಿ, ಒಣಗಿದ ಗೀಟುಗಳಂತೆ ಉಳಿದಿದ್ದರೆ ರಕ್ತ ಮರಿಯ ಮೈಸೇರಿದೆ. ಆಗ ಪೊರೆಯನ್ನು ಕೊಕ್ಕಿನ ಬಳಿಯಿಂದ ಮೆಲ್ಲಗೆ ಹಿಂದಕ್ಕೆ ಸರಿಸಬಹುದು. ಸೂಜಿಮೊನೆಯಷ್ಟು ರಕ್ತ ಕಂಡರೂ ಕೈ ನಿಲ್ಲಬೇಕು. ಒಂದು ಚಿಟಿಕೆ ಜೋಳದ ಹಿಟ್ಟನ್ನು ಒತ್ತಿ ಹಿಡಿದು, ಮತ್ತೆ ಪೆಟ್ಟಿಗೆಗೆ, ಮತ್ತೆ ಕಾಯುವುದಕ್ಕೆ.

ಈ ಕೆಲಸ ಒಂದೇ ಪಟ್ಟಿನಲ್ಲಿ ಮುಗಿಯುವಂಥದಲ್ಲ. ಒಂದು ರಾತ್ರಿಯಲ್ಲಿ ಮೂರು ನಾಲ್ಕು ಸಲ ಎದ್ದು, ಪ್ರತಿ ಸಲವೂ ಸಾಸಿವೆಯಷ್ಟು ಚಿಪ್ಪು ತೆಗೆದು ಮತ್ತೆ ಮುಚ್ಚಿಡುವವರೇ ಮರಿಯನ್ನು ಉಳಿಸಿಕೊಳ್ಳುತ್ತಾರೆ. ತಲೆಯೂ ಭುಜವೂ ಸಡಿಲವಾದ ಮೇಲೆ ಉಳಿದ ಅರ್ಧ ಚಿಪ್ಪನ್ನು ಹಾಗೆಯೇ ಬಿಡುವುದು ರೂಢಿ. ಕೆಳಗಿನ ಭಾಗದಲ್ಲಿಯೇ ಹೊಕ್ಕುಳಿರುವುದು. ಅಲ್ಲಿ ಇನ್ನೂ ಏನಾದರೂ ಬಾಕಿಯಿದ್ದರೆ ಚಿಪ್ಪಿನ ಬಟ್ಟಲೇ ಅದನ್ನು ಕಾಪಾಡುತ್ತದೆ. ಮರಿ ಒದ್ದುಕೊಂಡು ತಾನೇ ಅದರಿಂದ ಜಾರಿ ಬರುವುದಕ್ಕೆ ಇನ್ನೂ ಕೆಲವು ಗಂಟೆ ಹಿಡಿದರೂ ಅದು ನಷ್ಟವಲ್ಲ. ಸಿನಿಮಾದ ನಾಯಕನಂತೆ ಮರಿಯನ್ನು ಎಳೆದು ಹೊರತೆಗೆದು ಅಂಗೈಯಲ್ಲಿ ಎತ್ತಿ ಹಿಡಿಯುವ ಆಸೆಯನ್ನು ಸಹಾಯಕನು ಬಿಡಬೇಕಾಗುತ್ತದೆ.

ಇದೆಲ್ಲ ಏತಕ್ಕೆ, ತಾನಾಗಿ ಬರಲಾರದ ಮರಿ ಬದುಕಿ ಏನು ಪ್ರಯೋಜನ, ಎಂದು ಕೇಳುವವರೂ ಇದ್ದಾರೆ. ಅವರನ್ನು ನಿರ್ದಯರೆಂದು ತಳ್ಳಿಹಾಕುವಂತಿಲ್ಲ. ಸಾವಿರಾರು ಮೊಟ್ಟೆಗಳ ಕಾವುಮನೆ ನಡೆಸುವವರು ಒಂದೊಂದರ ಮುಂದೆ ಟಾರ್ಚು ಹಿಡಿದು ಕೂರಲಾರರು. ನಿಗದಿಯಾದ ದಿನ ಒಡೆಯದ ಮೊಟ್ಟೆ ಅಲ್ಲಿ ತ್ಯಾಜ್ಯ. ತಳಿ ಬೆಳೆಸುವವರಿಗೆ ಇನ್ನೊಂದು ಹೆದರಿಕೆ: ಚಿಪ್ಪು ಒಡೆಯುವ ಶಕ್ತಿಯಿಲ್ಲದ ಮರಿಯನ್ನು ಉಳಿಸಿ ಅದರಿಂದ ಸಂತಾನ ಪಡೆದರೆ ಆ ದೌರ್ಬಲ್ಯವೇ ಹಿಂಡಿನಲ್ಲಿ ಹರಡಬಹುದು. ಅವರ ವೃತ್ತಿಗೆ ಆ ನಿಯಮ ಸರಿ. ಆದರೆ ಹಿತ್ತಿಲಲ್ಲಿ ಹತ್ತು ಮೊಟ್ಟೆಯಿಟ್ಟ ಮನೆಯವರು ಅದನ್ನು ಎರವಲು ತಂದುಕೊಳ್ಳುವುದಕ್ಕೆ ಮೊದಲು ಒಂದು ಪ್ರಶ್ನೆಯನ್ನು ತಮಗೆ ಹಾಕಿಕೊಳ್ಳಬೇಕು. ಮರಿ ದುರ್ಬಲವಾದದ್ದೋ, ಇಲ್ಲವೆ ಮಧ್ಯಾಹ್ನ ನೆಂಟರಿಗೆ ತೋರಿಸಲು ಮುಚ್ಚಳ ತೆರೆದದ್ದೋ? ಎರಡನೆಯದಾದರೆ ಪ್ರಕೃತಿಯ ಆಯ್ಕೆಯ ಮಾತನ್ನು ಅಲ್ಲಿ ಎತ್ತುವುದು ತಪ್ಪನ್ನು ಮುಚ್ಚಿಕೊಳ್ಳುವ ಜಾಣತನವಷ್ಟೆ. ಭಂಗಿ ತಪ್ಪಿದ ಮರಿಯಾದರೆ ನೆರವು ಕೊಡಬಹುದು, ಮುಂದೆ ಅದರ ಮೊಟ್ಟೆಗಳನ್ನು ಕಾವಿಗಿಡದೆ ಅಡಿಗೆಗೆ ಬಳಸಿದರಾಯಿತು.

ನೆರವಿನಿಂದ ಬಂದ ಮರಿಗಳೆಲ್ಲವೂ ಬದುಕುವುದಿಲ್ಲವೆಂಬುದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ಬಹಳ ಹೊತ್ತು ಒಂದೇ ಭಂಗಿಯಲ್ಲಿ ಸಿಕ್ಕಿದ್ದ ಮರಿಗೆ ಕಾಲುಗಳು ಎರಡು ಕಡೆಗೂ ಜಾರಬಹುದು. ನುಣುಪಾದ ಕಾಗದದ ಬದಲು ಒರಟು ಬಟ್ಟೆ ಹಾಸಿದರೆ ಅನೇಕ ಮರಿಗಳು ಎರಡು ಮೂರು ದಿನಗಳಲ್ಲಿ ಸರಿಯಾಗಿ ನಿಲ್ಲುತ್ತವೆ. ಹೊಟ್ಟೆಯಲ್ಲಿ ಬುತ್ತಿಯಿರುವುದರಿಂದ ಮೊದಲ ದಿನ ತಿನ್ನಿಸುವ ಆತುರ ಬೇಡ. ಮೈ ಒಣಗಿ ತುಪ್ಪಳು ಅರಳುವವರೆಗೆ ಪೆಟ್ಟಿಗೆಯಲ್ಲೇ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಉಳಿಸಿದ ಮಗಳು ದಿನವೆಲ್ಲ ಅಂಗೈಯಲ್ಲಿಟ್ಟುಕೊಂಡು ತಿರುಗದಂತೆ ನೋಡಿಕೊಳ್ಳಬೇಕು. ಆಸ್ಟ್ರಿಯದ ಕೊನ್ರಾಡ್ ಲೊರೆಂಜ್ ಹೆಬ್ಬಾತುಗಳಲ್ಲಿ ಅಭ್ಯಾಸ ಮಾಡಿ 1973ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದ ಸಂಗತಿ ಇದೇ ಅಲ್ಲವೆ? ಇಂತಹ ಮರಿಗಳು ಹುಟ್ಟಿದ ಮೊದಲ ಗಂಟೆಗಳಲ್ಲಿ ಕಣ್ಣೆದುರು ಚಲಿಸುವುದನ್ನೇ ತಾಯಿಯೆಂದು ಹಿಡಿದುಬಿಡುತ್ತವೆ. ಹುಡುಗಿ ಶಾಲೆಗೆ ಹೊರಟಾಗ ಹಿಂದೆಯೇ ಓಡಿ ಗೇಟಿನ ಬಳಿ ಅರಚುವ ಬಾತು ನೋಡುವುದಕ್ಕೆ ಚೆಂದವೇ, ಬಾತಿಗೆ ಚೆಂದವಲ್ಲ.

ಮೈ ಒಣಗಿದೊಡನೆ ಒಡಹುಟ್ಟಿದವರ ನಡುವೆ ಬಿಟ್ಟರೆ ಅವು ಒಂದು ಸಲ ಕೊಕ್ಕಿನಿಂದ ಮುಟ್ಟಿ ನೋಡಿ, ಜಾಗ ಕೊಟ್ಟು, ಒಟ್ಟಿಗೆ ಮಲಗುತ್ತವೆ. ಮೂರನೆಯ ದಿನ ತಟ್ಟೆಯ ನೀರಿನ ಸುತ್ತ ನಿಂತ ಹತ್ತು ಮರಿಗಳಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು ಹೊರತೆಗೆದದ್ದು ಯಾವುದೆಂದು ಕೇಳಿದರೆ ತಂದೆಗೂ ಹೇಳಲಾಗುವುದಿಲ್ಲ. ಆ ವೇಳೆಗಾಗಲೇ ಅವುಗಳ ಕೊಕ್ಕಿನ ತುದಿಯಿಂದ ಬಿಳಿಯ ಮೊಟ್ಟೆಹಲ್ಲುಗಳು ಒಂದೊಂದಾಗಿ ಉದುರತೊಡಗಿರುತ್ತವೆ.